ಪೇಟೆಂಟ್ ಹೋಯಿತು, ಹೆಸರು ಉಳಿಯಿತು: ಜಾನ್ ಬಾಯ್ಡ್ ಡನ್‌ಲಪ್

ನಾನು ಬರುವ ದಾರಿಯಲ್ಲಿ ಒಂದು ಪಂಕ್ಚರ್ ಅಂಗಡಿ ಇದೆ. ಅಂಗಡಿಯ ಚಾಚಾ ಟ್ಯೂಬನ್ನು ಹೊರಗೆಳೆದು, ಗಾಳಿ ಹೊಡೆದು, ನೀರು ತುಂಬಿದ ಹಳೆಯ ಬಾಣಲೆಯಲ್ಲಿ ಮುಳುಗಿಸುತ್ತಾರೆ. ಗುಳ್ಳೆ ಎದ್ದ ಜಾಗಕ್ಕೆ ಗುರುತು ಹಾಕಿ, ಉಜ್ಜಿ, ಸಲ್ಯೂಷನ್ ಹಚ್ಚಿ, ರಬ್ಬರಿನ ತುಂಡು ಅಂಟಿಸುತ್ತಾರೆ. ಹತ್ತು ನಿಮಿಷದ ಕೆಲಸ. ಒಂದು ದಿನ ಹಾಗೆ ಕಾಯುತ್ತಾ ನಿಂತಾಗ ಅಂಗಡಿಯ ತಗಡಿನ ಬೋರ್ಡಿನ ಮೇಲೆ ಅರ್ಧ ಅಳಿಸಿಹೋದ ಡನ್‌ಲಪ್ ಎಂಬ ಹೆಸರು ಕಂಡಿತು. ಅದೊಂದು ಕಂಪನಿಯ ಹೆಸರು ಎಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಹಿರಿಯರು ಮೆತ್ತನೆಯ ಹಾಸಿಗೆಗೂ ಡನ್‌ಲಪ್ ಎಂದೇ ಅನ್ನುತ್ತಾರೆ. ಆದರೆ ಅದು ಒಬ್ಬ ಮನುಷ್ಯನ ಹೆಸರು, ಆ ಮನುಷ್ಯ ದನ ಕುದುರೆಗಳ ಡಾಕ್ಟರ್ ಎಂದು ಆಮೇಲೆ ಓದಿದಾಗಲೇ ತಿಳಿದದ್ದು.

ನಾವು ಕಾಮರ್ಸ್ ವಿದ್ಯಾರ್ಥಿಗಳು ಬ್ಯಾಲೆನ್ಸ್ ಶೀಟ್ ಬರೆಯುವಾಗ ಆಸ್ತಿಯ ಕಡೆ ಪೇಟೆಂಟ್ ಎಂದು ಒಂದು ಸಾಲು, ಗುಡ್‌ವಿಲ್ ಎಂದು ಇನ್ನೊಂದು ಸಾಲು ಬರೆಯುತ್ತೇವೆ. ಲೆಕ್ಕದಲ್ಲಿ ಕೊಟ್ಟ ಮೊತ್ತ ಹಾಕಿ ಮುಂದೆ ಹೋಗುತ್ತೇವೆ. ಕೈಗೆ ಸಿಗದ ಈ ಆಸ್ತಿಗಳು ಎಲ್ಲಿಂದ ಬರುತ್ತವೆ, ಹೇಗೆ ಹೋಗುತ್ತವೆ ಎಂದು ನಾನು ಯೋಚಿಸಿರಲಿಲ್ಲ. ಡನ್‌ಲಪ್ ಅವರ ಜೀವನ ಓದಿದ ಮೇಲೆ ಆ ಎರಡು ಸಾಲುಗಳ ಅರ್ಥ ಸ್ವಲ್ಪ ತಿಳಿಯಿತು. ಅದಕ್ಕೇ ಈ ಲೇಖನ.

ಕುದುರೆ ಡಾಕ್ಟರ್

ಜಾನ್ ಬಾಯ್ಡ್ ಡನ್‌ಲಪ್ 1840ರ ಫೆಬ್ರವರಿ 5ರಂದು ಸ್ಕಾಟ್‌ಲೆಂಡಿನ ಏರ್‌ಶೈರ್ ಸೀಮೆಯ ಡ್ರೆಗ್‌ಹಾರ್ನ್ ಎಂಬ ಊರಿನಲ್ಲಿ ಒಂದು ರೈತ ಕುಟುಂಬದಲ್ಲಿ ಹುಟ್ಟಿದರು. ದಿನ ತುಂಬುವ ಎರಡು ತಿಂಗಳ ಮೊದಲೇ ಹುಟ್ಟಿದ ಮಗು ಎಂದು ಮನೆಯವರು ಹೇಳುತ್ತಿದ್ದರಂತೆ. ಹೀಗಾಗಿ ತಮ್ಮ ಮೈ ಗಟ್ಟಿಯಲ್ಲ ಎಂಬ ಭಾವನೆ ಅವರಿಗೆ ಜೀವನಪೂರ್ತಿ ಇತ್ತು. ತುಂಬ ಎಚ್ಚರದಿಂದ, ಗಲಾಟೆಯಿಲ್ಲದೆ ಬದುಕಿದ ಮನುಷ್ಯ ಅವರು.

ಎಡಿನ್‌ಬರೋದಲ್ಲಿ ಪಶುವೈದ್ಯ ಶಿಕ್ಷಣ ಪಡೆದು 19ನೇ ವಯಸ್ಸಿಗೇ ಡಾಕ್ಟರ್ ಆದರು. 1867ರಲ್ಲಿ ಸಮುದ್ರ ದಾಟಿ ಐರ್ಲೆಂಡಿಗೆ ಬಂದು, ಡೌನ್‌ಪ್ಯಾಟ್ರಿಕ್ ಎಂಬ ಊರಿನಲ್ಲಿ ತಮ್ಮ ಸಹೋದರನ ಜೊತೆ ಚಿಕಿತ್ಸಾಲಯ ನಡೆಸಿದರು. 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಅವರನ್ನು ಮದುವೆಯಾದರು. ಅವರಿಗೆ ಒಬ್ಬ ಮಗಳು, ಒಬ್ಬ ಮಗ. ನಂತರ ಬೆಲ್‌ಫಾಸ್ಟ್ ನಗರದ ಮೇ ಸ್ಟ್ರೀಟಿಗೆ ಬಂದು ನೆಲೆಸಿದರು. ಆಗ ನಗರದ ಸಾಮಾನು ಸಾಗಿಸುವುದು, ಜನರನ್ನು ಕರೆದೊಯ್ಯುವುದು ಎಲ್ಲಕ್ಕೂ ಕುದುರೆ ಬೇಕಾಗಿತ್ತು. ಇಂದು ಊರಿಗೊಂದು ಗ್ಯಾರೇಜ್ ಇರುವಂತೆ ಆಗ ಕುದುರೆ ಡಾಕ್ಟರ್ ಇರಬೇಕಿತ್ತು. 1880ರ ದಶಕದ ಮಧ್ಯದ ಹೊತ್ತಿಗೆ ಡನ್‌ಲಪ್ ಅವರ ಚಿಕಿತ್ಸಾಲಯ ಇಡೀ ಐರ್ಲೆಂಡಿನಲ್ಲೇ ದೊಡ್ಡ ಚಿಕಿತ್ಸಾಲಯಗಳಲ್ಲಿ ಒಂದಾಗಿತ್ತು.

ಅಂದರೆ ಅವರು ಬಡವರಾಗಿರಲಿಲ್ಲ, ಕೆಲಸವಿಲ್ಲದೆ ಕುಳಿತವರೂ ಅಲ್ಲ. ವಯಸ್ಸು 47. ಹೊಸದೇನನ್ನೂ ಮಾಡಬೇಕಾದ ಅಗತ್ಯ ಅವರಿಗೆ ಇರಲಿಲ್ಲ.

ಮಗನ ಮೂರು ಚಕ್ರದ ಸೈಕಲ್

1887ರಲ್ಲಿ ಅವರ ಮಗ ಜಾನಿ ಇನ್ನೂ ಚಿಕ್ಕ ಹುಡುಗ. ಅವನಿಗೆ ಒಂದು ಮೂರು ಚಕ್ರದ ಸೈಕಲ್ ಇತ್ತು. ಆ ಕಾಲದ ಚಕ್ರಗಳಿಗೆ ಗಾಳಿ ತುಂಬಿದ ಟೈರ್ ಇರಲಿಲ್ಲ. ಗಟ್ಟಿ ಚಕ್ರ ಕಲ್ಲು ಹಾಸಿದ ಬೀದಿಯ ಮೇಲೆ ಉರುಳುವಾಗ ಪ್ರತಿ ಕಲ್ಲಿನ ಪೆಟ್ಟೂ ನೇರವಾಗಿ ಸವಾರನ ಬೆನ್ನಿಗೆ ತಾಗುತ್ತಿತ್ತು. ಮಗನ ಸವಾರಿ ಸುಲಭವಾಗಬೇಕು, ವೇಗವೂ ಹೆಚ್ಚಬೇಕು ಎಂದು ತಂದೆ ಯೋಚಿಸಿದರು.

ಅವರು ಸುಮಾರು 96 ಸೆಂಟಿಮೀಟರ್ ಅಗಲದ ಒಂದು ಮರದ ಬಿಲ್ಲೆ ತೆಗೆದುಕೊಂಡರು. ತೆಳುವಾದ ರಬ್ಬರ್ ಹಾಳೆಯಿಂದ ಕೊಳವೆ ಮಾಡಿ ಅದರ ಅಂಚಿಗೆ ಸುತ್ತಿದರು. ಮೇಲೆ ಬಟ್ಟೆ ಮುಚ್ಚಿ ಮೊಳೆ ಹೊಡೆದರು. ಫುಟ್‌ಬಾಲಿಗೆ ಗಾಳಿ ತುಂಬುವ ಪಂಪಿನಿಂದ ಗಾಳಿ ತುಂಬಿದರು. ನಂತರ ಮನೆಯ ಅಂಗಳದಲ್ಲಿ ಒಂದು ಸರಳ ಪರೀಕ್ಷೆ ಮಾಡಿದರು. ಮಗನ ಸೈಕಲ್‌ನಿಂದ ಬಿಚ್ಚಿದ ಗಟ್ಟಿ ಚಕ್ರವನ್ನೂ ತಮ್ಮ ಗಾಳಿ ಚಕ್ರವನ್ನೂ ಉರುಳಿಸಿ ಬಿಟ್ಟರು. ಗಟ್ಟಿ ಚಕ್ರ ಅಂಗಳದ ಕೊನೆ ಮುಟ್ಟುವ ಮೊದಲೇ ನಿಂತು ಬಿದ್ದಿತು. ಗಾಳಿ ಚಕ್ರ ಪೂರ್ತಿ ದೂರ ಉರುಳಿ, ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು.

ಇದರ ಕಾರಣ ಸುಲಭ. ಗಟ್ಟಿ ಚಕ್ರ ಸಣ್ಣ ಕಲ್ಲು ಸಿಕ್ಕರೂ ಅದರ ಮೇಲೆ ಹತ್ತಿ ಇಳಿಯಬೇಕು. ಹಾಗೆ ಹತ್ತಿ ಇಳಿದಾಗಲೆಲ್ಲ ಅದರ ಶಕ್ತಿ ಖರ್ಚಾಗುತ್ತದೆ. ಗಾಳಿ ತುಂಬಿದ ಟೈರ್ ಕಲ್ಲು ಸಿಕ್ಕಲ್ಲಿ ಮಾತ್ರ ಒಳಕ್ಕೆ ತಗ್ಗಿ ಮತ್ತೆ ಉಬ್ಬುತ್ತದೆ. ಚಕ್ರ ಮೇಲೆ ಕೆಳಗೆ ಕುಣಿಯುವುದಿಲ್ಲ, ಮುಂದೆ ಹೋಗುತ್ತದೆ. ಮೆತ್ತನೆಯದು ನಿಧಾನ, ಗಟ್ಟಿಯದು ವೇಗ ಎಂದು ನಾವು ಅಂದುಕೊಳ್ಳುತ್ತೇವೆ. ಅಂಗಳದ ಆ ಪರೀಕ್ಷೆ ಅದು ತಪ್ಪು ಎಂದು ತೋರಿಸಿತು.

ಮೊದಲು ಮಗನ ಸೈಕಲ್‌ನ ಹಿಂದಿನ ಎರಡು ಚಕ್ರಗಳಿಗೆ, ನಂತರ ದೊಡ್ಡವರ ಸೈಕಲ್‌ಗೆ ಅವರು ಈ ಟೈರ್ ಹಾಕಿ ನೋಡಿದರು. 1888ರ ಜುಲೈನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಅದೇ ವರ್ಷ ಡಿಸೆಂಬರ್ 7ರಂದು ಪೇಟೆಂಟ್ ಮಂಜೂರಾಯಿತು. ಪೇಟೆಂಟ್ ಎಂದರೆ ಹೊಸ ವಸ್ತುವನ್ನು ಕಂಡುಹಿಡಿದವನಿಗೆ ಸರ್ಕಾರ ಇಂತಿಷ್ಟು ವರ್ಷಗಳ ಕಾಲ ಕೊಡುವ ಹಕ್ಕು. ಆ ಅವಧಿಯಲ್ಲಿ ಅವನ ಅನುಮತಿ ಇಲ್ಲದೆ ಬೇರೆ ಯಾರೂ ಅದನ್ನು ತಯಾರಿಸಿ ಮಾರುವಂತಿಲ್ಲ. ಬ್ರಿಟನ್ನಿನಲ್ಲಿ ಆಗ ಅವಧಿ 14 ವರ್ಷ. ನಮ್ಮ ದೇಶದಲ್ಲಿ ಈಗ 20 ವರ್ಷ.

ನಕ್ಕವರು ಸೋತರು

ದಪ್ಪ ಟೈರಿನ ಸೈಕಲ್ ನೋಡಿ ಜನ ನಕ್ಕರು. ತೆಳ್ಳನೆಯ ಗಟ್ಟಿ ರಬ್ಬರ್ ಪಟ್ಟಿಯ ಚಕ್ರವನ್ನೇ ನೋಡಿ ಅಭ್ಯಾಸವಾದ ಕಣ್ಣಿಗೆ ಅದು ವಿಚಿತ್ರವಾಗಿತ್ತು. ಬೆಲ್‌ಫಾಸ್ಟಿನ ಸೈಕಲ್ ಕ್ಲಬ್ಬೊಂದರ ಕ್ಯಾಪ್ಟನ್ ವಿಲ್ಲಿ ಹ್ಯೂಮ್ ಮಾತ್ರ ನಗಲಿಲ್ಲ. ಈ ಟೈರಿನ ಸೈಕಲ್ ಕೊಂಡರು. ಡನ್‌ಲಪ್ ಅವರ ಸಲಹೆಯಂತೆ ಅದರಲ್ಲೇ ಪಂದ್ಯಕ್ಕೆ ಇಳಿದರು. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ನಡೆದ ನಾಲ್ಕು ಸೈಕಲ್ ಪಂದ್ಯಗಳಲ್ಲಿ ನಾಲ್ಕನ್ನೂ ಅವರೇ ಗೆದ್ದರು. ಸ್ವಲ್ಪ ದಿನಗಳ ನಂತರ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಒಂದನ್ನು ಬಿಟ್ಟು ಉಳಿದ ಸೈಕಲ್ ಪಂದ್ಯಗಳನ್ನೆಲ್ಲ ಗೆದ್ದರು. ಒಂದು ಕಾಲೇಜಿನ ಮೈದಾನದಲ್ಲಿ ನಡೆದ ಪಂದ್ಯ ಪ್ರಪಂಚದ ಎಲ್ಲ ರಸ್ತೆಗಳನ್ನೂ ಬದಲಿಸಿತು ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಸೋತವರಲ್ಲಿ ಡಬ್ಲಿನ್ ನಗರದ ಹಾರ್ವೆ ಡು ಕ್ರಾಸ್ ಎಂಬ ಕಾಗದದ ವ್ಯಾಪಾರಿಯ ಮಕ್ಕಳೂ ಇದ್ದರು. ಡು ಕ್ರಾಸ್ ಐರ್ಲೆಂಡಿನ ಸೈಕಲ್ ಸವಾರರ ಸಂಘದ ಅಧ್ಯಕ್ಷರು. ಮಕ್ಕಳು ಸೋತದ್ದಕ್ಕೆ ಅವರು ಬೇಸರಪಟ್ಟು ಸುಮ್ಮನಾಗಲಿಲ್ಲ. ಯಾವುದರಿಂದ ಸೋತರು ಎಂದು ನೋಡಿದರು. ಡನ್‌ಲಪ್ ಅವರನ್ನು ಭೇಟಿಯಾದರು. ಡಬ್ಲಿನ್‌ನಲ್ಲಿ ಈಗಾಗಲೇ ಇದ್ದ ಒಂದು ಕಂಪನಿಗೆ ಮತ್ತೆ ಜೀವ ಕೊಟ್ಟು, ನ್ಯೂಮ್ಯಾಟಿಕ್ ಟೈರ್ ಅಂಡ್ ಬೂತ್ಸ್ ಸೈಕಲ್ ಏಜೆನ್ಸಿ ಎಂದು ಹೆಸರಿಟ್ಟರು. ಡನ್‌ಲಪ್ ತಮ್ಮ ಪೇಟೆಂಟ್ ಹಕ್ಕನ್ನು ಈ ಕಂಪನಿಗೆ ಬಿಟ್ಟುಕೊಟ್ಟು ಷೇರುಗಳನ್ನು ಪಡೆದರು. ಕಂಪನಿಯ ಆಡಳಿತ ಡು ಕ್ರಾಸ್ ಕೈಯಲ್ಲಿತ್ತು. ಕಂಪನಿಯ ಹೆಸರಿನಲ್ಲಿ ಡನ್‌ಲಪ್ ಎಂಬ ಪದ ಇರಲಿಲ್ಲ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಲವತ್ತು ವರ್ಷ ಹಿಂದಿನ ಕಾಗದ

ಪೇಟೆಂಟ್ ಸಿಕ್ಕ ಎರಡು ವರ್ಷಕ್ಕೆ, 1890ರಲ್ಲಿ, ಡನ್‌ಲಪ್ ಅವರಿಗೆ ಅಧಿಕೃತವಾಗಿ ಒಂದು ಸುದ್ದಿ ಬಂತು. ಅವರ ಪೇಟೆಂಟ್ ಅಸಿಂಧು. ಕಾರಣ, ಗಾಳಿ ತುಂಬಿದ ಟೈರಿಗೆ ಬೇರೊಬ್ಬರು ಮೊದಲೇ ಪೇಟೆಂಟ್ ಪಡೆದಿದ್ದರು.

ಅವರ ಹೆಸರು ರಾಬರ್ಟ್ ವಿಲಿಯಂ ಥಾಮ್ಸನ್. ಅವರೂ ಸ್ಕಾಟ್‌ಲೆಂಡಿನವರೇ, 1822ರಲ್ಲಿ ಸ್ಟೋನ್‌ಹೇವನ್ ಎಂಬ ಊರಿನಲ್ಲಿ ಹುಟ್ಟಿದವರು. 1845ರಲ್ಲಿ, ತಮ್ಮ 23ನೇ ವಯಸ್ಸಿನಲ್ಲಿ, ಬ್ರಿಟನ್ನಿನಲ್ಲಿ ಈ ಪೇಟೆಂಟ್ ಪಡೆದಿದ್ದರು. 1846ರಲ್ಲಿ ಫ್ರಾನ್ಸ್‌ನಲ್ಲಿ, 1847ರಲ್ಲಿ ಅಮೆರಿಕದಲ್ಲಿ ಕೂಡ ಪಡೆದರು. ಒಳಗೆ ರಬ್ಬರ್ ಬಳಿದ ಕ್ಯಾನ್ವಾಸಿನ ಕೊಳವೆ, ಹೊರಗೆ ಚರ್ಮದ ಹೊದಿಕೆ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆ ಗಾಡಿಗಳಿಗೆ ಹಾಕಿ ಓಡಿಸಿ ತೋರಿಸಿದ್ದರು. ಒಂದು ಗಾಡಿಯ ಟೈರುಗಳು 1,200 ಮೈಲಿ ಓಡಿದವು. ಡನ್‌ಲಪ್ ಆಗ ಶಾಲೆಗೆ ಹೋಗುವ ವಯಸ್ಸಿನ ಹುಡುಗ.

ಹಾಗಾದರೆ ಥಾಮ್ಸನ್ ಅವರ ಟೈರ್ ಏಕೆ ಮಾರಾಟವಾಗಲಿಲ್ಲ? ತೆಳುವಾದ ಒಳ್ಳೆಯ ರಬ್ಬರ್ ಆಗ ದುಬಾರಿ, ಸಿಗುವುದೂ ಕಷ್ಟ. ಅದಕ್ಕಿಂತ ದೊಡ್ಡ ಕಾರಣ, ಆ ಟೈರ್ ನಿಜವಾಗಿ ಬೇಕಾಗಿದ್ದ ವಾಹನವೇ ಇನ್ನೂ ಹುಟ್ಟಿರಲಿಲ್ಲ. ಕುದುರೆ ಗಾಡಿಯವರಿಗೆ ಕಬ್ಬಿಣದ ಪಟ್ಟಿಯ ಚಕ್ರ ಸಾಕಾಗಿತ್ತು. ತನ್ನ ಕಾಲಿನ ಶಕ್ತಿಯಿಂದಲೇ ಓಡುವ ಸೈಕಲ್ ಸವಾರನಿಗೆ ಮಾತ್ರ ಆ ಶಕ್ತಿ ಉಳಿಸುವ ಟೈರಿನ ಬೆಲೆ ಗೊತ್ತಾಗುತ್ತಿತ್ತು. ಥಾಮ್ಸನ್ ಗ್ರಾಹಕನಿಗಿಂತ ನಲವತ್ತು ವರ್ಷ ಮೊದಲೇ ಅಂಗಡಿ ತೆರೆದಂತಾಯಿತು. ಅವರು ಬೇರೆ ಕೆಲಸಗಳಿಗೆ ಹೋದರು, ಜಾವಾ ದ್ವೀಪದಲ್ಲಿ ಸಕ್ಕರೆ ಯಂತ್ರಗಳ ಕೆಲಸ ಮಾಡಿದರು, ದಪ್ಪ ರಬ್ಬರ್ ಚಕ್ರದ ಉಗಿ ಬಂಡಿಗಳನ್ನು ಕಟ್ಟಿದರು. 1873ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಮೊದಲೇ ಪೇಟೆಂಟ್ ಇದ್ದರೆ ಪೇಟೆಂಟ್ ಕಚೇರಿ ಡನ್‌ಲಪ್ ಅವರಿಗೆ ಹೇಗೆ ಮತ್ತೊಂದು ಕೊಟ್ಟಿತು? ಬ್ರಿಟನ್ನಿನ ಪೇಟೆಂಟ್ ಕಚೇರಿ ಆ ದಿನಗಳಲ್ಲಿ ಅರ್ಜಿ ಸರಿಯಾಗಿ ಬರೆದಿದೆಯೇ ಎಂದು ಮಾತ್ರ ನೋಡುತ್ತಿತ್ತು. ವಸ್ತು ನಿಜವಾಗಿ ಹೊಸದೇ ಎಂದು ಹಳೆಯ ದಾಖಲೆಗಳನ್ನು ಹುಡುಕುತ್ತಿರಲಿಲ್ಲ. ಆ ಹುಡುಕಾಟ ಅಲ್ಲಿ ಶುರುವಾದದ್ದು 1905ರಲ್ಲಿ. ಅದಕ್ಕಿಂತ ಮೊದಲು ಪೇಟೆಂಟ್ ಕೈಯಲ್ಲಿದ್ದರೂ ಯಾರಾದರೂ ಹಳೆಯ ಕಾಗದ ಹುಡುಕಿ ತೆಗೆದರೆ ಅದು ಹೋಗಬಹುದಿತ್ತು. ಡನ್‌ಲಪ್ ವಿಷಯದಲ್ಲಿ ಆದದ್ದು ಅದೇ.

ಮೊದಲು ಓದಿದಾಗ ನನಗೆ ಡನ್‌ಲಪ್ ಇನ್ನೊಬ್ಬರ ವಿಚಾರ ಕದ್ದರೇನೋ ಅನ್ನಿಸಿತ್ತು. ಹಾಗಲ್ಲ. ಥಾಮ್ಸನ್ ಅವರ ಕೆಲಸ ಅವರಿಗೆ ತಿಳಿದಿರಲಿಲ್ಲ. ತಮ್ಮ ಅಂಗಳದಲ್ಲಿ ತಾವೇ ಕಂಡುಹಿಡಿದಿದ್ದರು. ಆದರೆ ಕಾನೂನು ಕೇಳುವ ಪ್ರಶ್ನೆ ಬೇರೆ. ಕದ್ದೆಯಾ ಎಂದು ಅದು ಕೇಳುವುದಿಲ್ಲ, ಹೊಸದೇ ಎಂದು ಕೇಳುತ್ತದೆ. ಥಾಮ್ಸನ್ ಅವರ ಪೇಟೆಂಟಿನ 14 ವರ್ಷ ಎಂದೋ ಮುಗಿದಿತ್ತು. ಅಂದಮೇಲೆ ಆ ವಿಚಾರ ಈಗ ಎಲ್ಲರಿಗೂ ಸೇರಿದ್ದು. ಎಲ್ಲರಿಗೂ ಸೇರಿದ್ದಕ್ಕೆ ಒಬ್ಬರು ಬೇಲಿ ಹಾಕುವಂತಿಲ್ಲ.

ಕಂಪನಿ ಉಳಿದದ್ದು ಹೇಗೆ

ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳಿದರೆ ಕಂಪನಿಯ ಮುಖ್ಯ ಆಸ್ತಿಯನ್ನೇ ಒಂದೇ ದಿನ ರೈಟ್ ಆಫ್ ಮಾಡಬೇಕಾಯಿತು. ಡು ಕ್ರಾಸ್ ಅಂಗಡಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಗಾಳಿ ತುಂಬುವ ವಿಚಾರ ನಮ್ಮದಲ್ಲದಿದ್ದರೆ ಬೇಡ, ಆದರೆ ಆ ಟೈರಿನಲ್ಲಿ ಇನ್ನೂ ತೊಂದರೆಗಳಿವೆ, ಅವುಗಳ ಪರಿಹಾರ ಯಾರದು ಎಂದು ನೋಡಿದರು.

ಡನ್‌ಲಪ್ ಅವರ ಮೊದಲ ಟೈರಿನ ದೊಡ್ಡ ತೊಂದರೆ ಪಂಕ್ಚರ್. ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಒಂದು ಮುಳ್ಳು ಚುಚ್ಚಿದರೂ ಎಲ್ಲವನ್ನೂ ಕಿತ್ತು ಮತ್ತೆ ಅಂಟಿಸಬೇಕು. ಪಂಕ್ಚರ್ ಚಾಚಾನ ಹತ್ತು ನಿಮಿಷದ ಕೆಲಸ ಆಗ ಗಂಟೆಗಟ್ಟಲೆ ಹಿಡಿಯುತ್ತಿತ್ತು. 1890ರಲ್ಲೇ ಇದಕ್ಕೆ ಇಬ್ಬರು ಬೇರೆ ಬೇರೆ ಉಪಾಯ ಕಂಡುಹಿಡಿದರು. ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬ ಇಂಗ್ಲೆಂಡಿನವರು ಟೈರಿನ ಎರಡೂ ಅಂಚಿನೊಳಗೆ ತಂತಿ ಇಟ್ಟು, ಅದು ರಿಮ್ಮಿನ ಒಳಗೆ ಗಟ್ಟಿಯಾಗಿ ಕೂರುವಂತೆ ಮಾಡಿದರು. ವಿಲಿಯಂ ಎರ್ಸ್ಕಿನ್ ಬಾರ್ಟ್ಲೆಟ್ ಎಂಬುವರು ಟೈರಿನ ಅಂಚೇ ರಿಮ್ಮಿನ ಮಡಿಕೆಗೆ ಸಿಕ್ಕಿಕೊಳ್ಳುವಂತೆ ಮಾಡಿದರು. ಎರಡರಲ್ಲೂ ಟೈರ್ ಬಿಚ್ಚುವುದು, ಹಾಕುವುದು ಸುಲಭ. ಡು ಕ್ರಾಸ್ ಅವರ ಕಂಪನಿ ಈ ಎರಡೂ ಪೇಟೆಂಟುಗಳ ಹಕ್ಕನ್ನು ತನ್ನದಾಗಿಸಿಕೊಂಡಿತು. ನಿಮ್ಮ ಸೈಕಲ್‌ನ ಟೈರ್ ಬಿಚ್ಚಿ ಅಂಚನ್ನು ಒತ್ತಿ ನೋಡಿ. ಒಳಗೆ ಕೈಗೆ ಸಿಗುವ ಗಟ್ಟಿ ತಂತಿ ವೆಲ್ಚ್ ಅವರದು.

ಅಲ್ಲಿಂದ ವ್ಯಾಪಾರ ಬೆಳೆಯಿತು. ಆ ವರ್ಷಗಳಲ್ಲಿ ಯುರೋಪಿನಲ್ಲೆಲ್ಲ ಸೈಕಲ್ ಹುಚ್ಚು ಹಬ್ಬಿತ್ತು. 1895ರಲ್ಲಿ ಡನ್‌ಲಪ್ ಕಂಪನಿಯಿಂದ ಹೊರಗೆ ಬಂದರು. ಮರುವರ್ಷವೇ, 1896ರಲ್ಲಿ, ಡು ಕ್ರಾಸ್ ಕಂಪನಿಯನ್ನು ಅರ್ನೆಸ್ಟ್ ಟೆರಾ ಹೂಲಿ ಎಂಬ ಹಣಕಾಸು ವ್ಯವಹಾರಸ್ಥನಿಗೆ 30 ಲಕ್ಷ ಪೌಂಡಿಗೆ ಮಾರಿದರು. ಹೂಲಿ ದೊಡ್ಡ ದೊಡ್ಡ ಬಿರುದಿನ ಜನರನ್ನು ಡೈರೆಕ್ಟರುಗಳನ್ನಾಗಿ ಕೂರಿಸಿ, ಅದೇ ಕಂಪನಿಯನ್ನು ಷೇರುಗಳ ಮೂಲಕ ಸಾರ್ವಜನಿಕರಿಗೆ 50 ಲಕ್ಷ ಪೌಂಡಿಗೆ ಮಾರಿದನು. ಕಾರ್ಖಾನೆ ಅದೇ, ಟೈರ್ ಅದೇ. ಹೆಸರು ಮಾತ್ರ ಈಗ ಡನ್‌ಲಪ್ ನ್ಯೂಮ್ಯಾಟಿಕ್ ಟೈರ್ ಕಂಪನಿ ಎಂದಾಯಿತು. ಎರಡು ವರ್ಷದಲ್ಲಿ ಹೂಲಿ ದಿವಾಳಿಯಾದನು ಎಂಬುದನ್ನೂ ಹೇಳಬೇಕು. ಆದರೆ ಕಂಪನಿ ಉಳಿಯಿತು.

ಗಮನಿಸಿ. ಪೇಟೆಂಟ್ ಇದ್ದಾಗ, ಮನುಷ್ಯ ಒಳಗಿದ್ದಾಗ, ಕಂಪನಿಗೆ ಅವರ ಹೆಸರಿರಲಿಲ್ಲ. ಪೇಟೆಂಟ್ ಹೋಗಿ, ಮನುಷ್ಯನೂ ಹೊರಗೆ ಬಂದ ಮೇಲೆ ಹೆಸರು ಬೋರ್ಡಿಗೆ ಏರಿತು. ಪೇಟೆಂಟ್ ಸಾಲು ಸೊನ್ನೆಯಾಗಿ ಗುಡ್‌ವಿಲ್ ಸಾಲು ತುಂಬಿಕೊಂಡಂತಾಯಿತು. ಆ ಗುಡ್‌ವಿಲ್‌ನ ದೊಡ್ಡ ಪಾಲು ಡನ್‌ಲಪ್ ಅವರ ಕೈಗೆ ಬರಲಿಲ್ಲ. ತಮ್ಮ ಆವಿಷ್ಕಾರದಿಂದ ಅವರು ಭಾರಿ ಶ್ರೀಮಂತರಾಗಲಿಲ್ಲ.

ತನ್ನ ಮುಖಕ್ಕಾಗಿ ಒಂದು ಮೊಕದ್ದಮೆ

ನಂತರದ ವರ್ಷಗಳನ್ನು ಡನ್‌ಲಪ್ ಡಬ್ಲಿನ್‌ನಲ್ಲಿ ಶಾಂತವಾಗಿ ಕಳೆದರು. ಅಲ್ಲಿನ ಒಂದು ಜವಳಿ ವ್ಯಾಪಾರ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಉದ್ದನೆಯ ಗಡ್ಡದ, ಮಿತಭಾಷಿ ವ್ಯಕ್ತಿ.

ಆದರೆ ಮುಪ್ಪಿನಲ್ಲಿ ಒಂದು ವಿಷಯಕ್ಕೆ ಅವರು ಸಿಟ್ಟಾದರು. ಕಂಪನಿ ತನ್ನ ಜಾಹೀರಾತುಗಳಲ್ಲಿ ಅವರ ಮುಖವನ್ನು ಬಳಸುತ್ತಿತ್ತು. ಮುಖ ಅವರದು, ಮೈ ಮಾತ್ರ ಶೋಕಿಯ ಉಡುಪಿನ, ಕೈಯಲ್ಲಿ ಬೆತ್ತ ಹಿಡಿದ, ಕಣ್ಣಿಗೆ ಒಂಟಿ ಗಾಜು ಇಟ್ಟ ಯಾರೋ ಎತ್ತರದ ಮನುಷ್ಯನದು. ಜೀವನವೆಲ್ಲ ಸರಳವಾಗಿದ್ದವರನ್ನು ಶೋಕಿಲಾಲನಂತೆ ತೋರಿಸಿದ್ದು ಅವರಿಗೆ ಅವಮಾನ ಅನ್ನಿಸಿತು. ತಮ್ಮ ಹೆಸರಿನ ಕಂಪನಿಯ ಮೇಲೆಯೇ ಮೊಕದ್ದಮೆ ಹೂಡಿದರು. ಆ ವ್ಯಾಜ್ಯದ ಒಂದು ಅಂಶ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. ಪೇಟೆಂಟ್ ಮಾರಬಹುದು, ಷೇರು ಮಾರಬಹುದು. ಮುಖ ಮತ್ತು ಮರ್ಯಾದೆ ಮಾರಾಟಕ್ಕಿಲ್ಲ ಎಂದು ಆ ವೃದ್ಧರು ತೋರಿಸಿದರು ಎಂದೇ ನಾನು ತಿಳಿಯುತ್ತೇನೆ.

1921ರ ಅಕ್ಟೋಬರ್ 23ರಂದು, 81ನೇ ವಯಸ್ಸಿನಲ್ಲಿ, ಅವರು ಡಬ್ಲಿನ್‌ನಲ್ಲಿ ತೀರಿಕೊಂಡರು. ಗಾಳಿ ಟೈರಿನ ಇತಿಹಾಸದ ಬಗ್ಗೆ ಅವರು ಬರೆದ ಪುಸ್ತಕ ಅವರ ನಂತರ ಪ್ರಕಟವಾಯಿತು. ಮುಂದೆ ಉತ್ತರ ಐರ್ಲೆಂಡಿನ ಒಂದು ಬ್ಯಾಂಕು ತನ್ನ 10 ಪೌಂಡ್ ನೋಟಿನ ಮೇಲೆ ಅವರ ಚಿತ್ರ ಮುದ್ರಿಸಿತು.

ನಮ್ಮವರೆಗೆ ಬಂದದ್ದು

ಆ ಹೆಸರು ನಮ್ಮ ದೇಶಕ್ಕೂ ಬಂತು. 1936ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಸಹಾಗಂಜ್‌ನಲ್ಲಿ ಡನ್‌ಲಪ್ ಟೈರ್ ಕಾರ್ಖಾನೆ ಶುರುವಾಯಿತು. ಸೈಕಲ್ ಟ್ಯೂಬಿನ ಬಾಯಲ್ಲಿ ಇರುವ, ಸಣ್ಣ ರಬ್ಬರ್ ವಾಲ್ ಟ್ಯೂಬ್ ಹಾಕುವ ವಾಲ್ವಿಗೂ ಹಲವು ದೇಶಗಳಲ್ಲಿ ಡನ್‌ಲಪ್ ವಾಲ್ವ್ ಎಂದೇ ಹೆಸರು. ಮುಂದೆ ಬಿ.ಕಾಂ. ಅಥವಾ ಕಾನೂನು ಓದುವವರಿಗೆ ಈ ಹೆಸರು ಮತ್ತೆ ಸಿಗುತ್ತದೆ. ಕಂಪನಿ ಸೆಲ್ಫ್‌ರಿಜ್ ಎಂಬ ಅಂಗಡಿಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ, ಒಪ್ಪಂದದಲ್ಲಿ ಇಲ್ಲದವರು ಆ ಒಪ್ಪಂದದ ಆಧಾರದ ಮೇಲೆ ದಾವೆ ಹೂಡುವಂತಿಲ್ಲ ಎಂದು 1915ರಲ್ಲಿ ತೀರ್ಪಾಯಿತು. ಆ ಕಂಪನಿ ಸೋತ ಮೊಕದ್ದಮೆ ಇಂದಿಗೂ ತರಗತಿಗಳಲ್ಲಿ ಪಾಠ.

ಗೇರ್ ತಾನಾಗಿಯೇ ಬದಲಾಗುವ ಸೈಕಲ್ ಬಂದಿರುವ ಕಾಲ ಇದು. ಟೈರಿನ ನಂತರ ಗೇರ್, ಬ್ರೇಕ್, ಬ್ಯಾಟರಿ ಎಲ್ಲದರ ಹಿಂದೆಯೂ ಪೇಟೆಂಟ್ ಇದೆ, ಪೇಟೆಂಟ್ ಇದ್ದಲ್ಲಿ ಜಗಳವೂ ಇದೆ. ಯಾರು ಮೊದಲು ಎಂಬ ಪ್ರಶ್ನೆಗೆ ಕೋರ್ಟು ಉತ್ತರ ಕೊಡುತ್ತದೆ. ಆದರೆ ಡನ್‌ಲಪ್ ಅವರ ಕಥೆಯಲ್ಲಿ ಎಲ್ಲರಿಗೂ ಒಂದೊಂದು ಪಾಲಿದೆ ಎಂದು ನನಗೆ ಅನ್ನಿಸುತ್ತದೆ. ಮೊದಲು ಯೋಚಿಸಿದವರು ಥಾಮ್ಸನ್. ಯೋಚನೆ ಬೇಕಾದ ಕಾಲಕ್ಕೆ ಅದನ್ನು ಮತ್ತೆ ಕಂಡು, ಓಡಿಸಿ ತೋರಿಸಿದವರು ಡನ್‌ಲಪ್. ಬಿಚ್ಚಿ ಹಾಕುವಂತೆ ಮಾಡಿದವರು ವೆಲ್ಚ್ ಮತ್ತು ಬಾರ್ಟ್ಲೆಟ್. ಮಾರಿದವರು ಡು ಕ್ರಾಸ್. ನಕ್ಕವರ ಮಧ್ಯೆ ಸೈಕಲ್ ಏರಿ ಕುಳಿತವರು ಹ್ಯೂಮ್. ಬ್ಯಾಲೆನ್ಸ್ ಶೀಟಿನಲ್ಲಿ ಇವರೆಲ್ಲರಿಗೂ ಜಾಗವಿಲ್ಲ, ಬೋರ್ಡಿನ ಮೇಲೆ ಒಂದೇ ಹೆಸರಿಗೆ ಜಾಗ.

ಸ್ನೇಹಿತರೇ, ನಮ್ಮಲ್ಲಿ ಯಾರಿಗಾದರೂ ಮುಂದೆ ಹೊಸದೊಂದು ಹೊಳೆಯಬಹುದು. ಆಗ ಮೊದಲು ಹಳೆಯ ದಾಖಲೆ ಹುಡುಕಿ ನೋಡೋಣ. ಯಾರೋ ನಮಗಿಂತ ಮೊದಲೇ ಮಾಡಿದ್ದರೆ ಕುಗ್ಗುವುದು ಬೇಡ. ಅದನ್ನು ಇನ್ನೂ ಚೆನ್ನಾಗಿ ಮಾಡುವ ಕೆಲಸ ಬಾಕಿ ಇರುತ್ತದೆ. ಸಹಿ ಹಾಕುವ ಮೊದಲು ಏನು ಕೊಡುತ್ತಿದ್ದೇವೆ, ಏನು ಪಡೆಯುತ್ತಿದ್ದೇವೆ ಎಂದು ಓದೋಣ. ಮುಂದಿನ ಸಲ ಗಾಳಿ ಹೊಡೆಸಲು ನಿಂತಾಗ, ಮಗನ ಬೆನ್ನು ನೋಯಬಾರದೆಂದು ಅಂಗಳದಲ್ಲಿ ಮರದ ಬಿಲ್ಲೆ ಉರುಳಿಸಿದ ಆ ತಂದೆಯನ್ನು ಒಮ್ಮೆ ನೆನೆಯೋಣ.